ಗೋಲ್‌ಕೀಪರನ ಅಂಗಿಯ ತೋಳು

ಹಿಮಾಯತ್‌ನಗರದ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ ವಾರಕ್ಕೊಮ್ಮೆ ಒಂದು ಫುಟ್‌ಬಾಲ್ ತಂಡ ಒಣಗುತ್ತಿತ್ತು. ನೀಲಿ ಅಂಗಿಗಳ ಸಾಲು, ಕೊನೆಯಲ್ಲಿ ಗೋಲ್‌ಕೀಪರನದೊಂದು ಹಸಿರು. ಗಾಳಿ ಬೀಸಿದರೆ ಅಷ್ಟೂ ತೋಳುಗಳು ಒಟ್ಟಿಗೆ ಮೇಲೇಳುತ್ತಿದ್ದವು, ರೆಫರಿಯ ಜೊತೆ ಜಗಳಕ್ಕೆ ನಿಂತವರ ಹಾಗೆ. ಪಕ್ಕದಲ್ಲಿ ಹಪ್ಪಳ ಕಾಯುತ್ತ ಕೂತ ನಮ್ಮ ಅತ್ತೆ, ಎದುರು ಮಾಳಿಗೆಯವರಿಗೆ ಕೇಳಿಸಲಿ ಎಂದೇ ಹೇಳುತ್ತಿದ್ದರು: “ಮಂದಿ ಸೊಸೆಂದಿರು ಸೀರಿ ಒಣ ಹಾಕ್ತಾರ. ನಮ್ಮಾಕಿ ನೋಡ್ರಿ, ಹನ್ನೊಂದು ಗಂಡಸರ ಚಡ್ಡಿ ಒಣ ಹಾಕ್ಯಾಳ.”

ಎದುರಿನವರು ತೆಲುಗರು. ಅತ್ತೆಯ ಕಲಬುರಗಿ ಕನ್ನಡ ಅವರಿಗೆ ತಿಳಿಯುತ್ತಿರಲಿಲ್ಲ. ಆದರೂ ಆ ಮನೆಯಾಕೆ ನಗುತ್ತಿದ್ದರು; ಚಡ್ಡಿಗಳು ಕಾಣುತ್ತಿದ್ದವಲ್ಲ.

ನಾನು ಮದುವೆಯಾಗಿ ಈ ಊರಿಗೆ ಬಂದಾಗ ನಮ್ಮವರು ಆಟಗಾರರಾಗಿದ್ದರು. ಒಂದು ಸರಕಾರಿ ಆಫೀಸಿನಲ್ಲಿ ಅವರಿಗೆ ಕೆಲಸ ಸಿಕ್ಕಿದ್ದೇ ಆಟದಿಂದ. ಬೆಳಿಗ್ಗೆ ಮೈದಾನ, ಮಧ್ಯಾಹ್ನ ಫೈಲು, ಸಂಜೆ ಮತ್ತೆ ಮೈದಾನ. ಕಾನ್ವೆಂಟಿನಲ್ಲಿ ಕಲಿತ ನನಗೆ ಗೊತ್ತಿದ್ದದ್ದು ಥ್ರೋಬಾಲ್ ಒಂದೇ. ಅದನ್ನೂ, ಚೆಂಡು ಯಾರಿಗಾದರೂ ತಾಗಿದರೆ ‘ಸಾರಿ’ ಎನ್ನುತ್ತ ಆಡಿದವಳು.

ಇವರು ಹಾಫ್‌ಬ್ಯಾಕ್, ಅಂದರೆ ಮೈದಾನದ ನಡುವೆ ನಿಂತು ಹಿಂದಕ್ಕೂ ಮುಂದಕ್ಕೂ ಓಡುವವರು. ಇವರ ಬೆನ್ನ ಹಿಂದೆ, ಗೋಲಿನಲ್ಲಿ, ಇವರ ಗೆಳೆಯ. ಗೆಳೆಯನ ಮನೆ ನಾಂಪಲ್ಲಿಯಲ್ಲಿ. ತಾಯಿ ಬೀದರ ಕಡೆಯವರಾದ್ದರಿಂದ ಉರ್ದುವಿನಷ್ಟೇ ಸಲೀಸಾಗಿ ಕನ್ನಡ ಆಡುತ್ತಿದ್ದರು. ಗಿಡ್ಡ ಆಳು, ದೊಡ್ಡ ಗಂಟಲು. “ಎಡಕ್ಕ! ನಿನ್ನ ಎಡಕ್ಕ!” ಎಂದು ಅವರು ಹಿಂದಿನಿಂದ ಕೂಗಿದರೆ ಇವರು ತಿರುಗಿಯೂ ನೋಡದೆ ಎಡಕ್ಕೆ ಓಡುತ್ತಿದ್ದರು. ಒಮ್ಮೆ ಕೇಳಿದ್ದಕ್ಕೆ, “ನನ್ನ ಬೆನ್ನಿಗೆ ಕಣ್ಣಿಲ್ಲ, ಅಂವ ಅದಾನ” ಎಂದಿದ್ದರು.

ಮೊಣಕಾಲು ಎರಡನೇ ಸಲ ತಿರುಚಿಕೊಂಡ ಮೇಲೆ ಆಫೀಸಿನವರು ಇವರನ್ನು ತಂಡದ ಮ್ಯಾನೇಜರ್ ಮಾಡಿದರು. ಹೆಸರು ದೊಡ್ಡದು. ಕೆಲಸವೆಂದರೆ ಹನ್ನೊಂದು ಮಂದಿಯನ್ನು ಆರಿಸುವುದು, ಬಸ್ಸಿಗೆ ಅಂಗಲಾಚುವುದು, ಲಿಂಬೆಹಣ್ಣು ಹೆಚ್ಚುವುದು. ಖರ್ಚು ಕಡಿಮೆ ಮಾಡಬೇಕೆಂದು ಆಫೀಸು ಧೋಬಿಯನ್ನು ಬಿಡಿಸಿದ ಮೇಲೆ ಕೊಳೆ ಬಟ್ಟೆಯ ಗಂಟನ್ನು ಮನೆಗೆ ತರುವುದೂ ಅದಕ್ಕೆ ಸೇರಿತು.

ಆ ಮೊದಲ ವರ್ಷ ನಾನೊಂದು ಗಮನಿಸಿದ್ದೆ. ಆಟದ ದಿನ ಇವರು ಇಸ್ತ್ರಿ ಮಾಡಿದ ಪ್ಯಾಂಟಿನ ಕೆಳಗೆ ಆಡುವ ಬೂಟನ್ನೇ ಕಟ್ಟಿಕೊಂಡು ಹೋಗುತ್ತಿದ್ದರು. ಅಡಿಯ ಮೊಳೆಗಳು ಮೆಟ್ಟಿಲ ಮೇಲೆ ಟಕ್ ಟಕ್ ಎನ್ನುತ್ತಿದ್ದವು. ಕೇಳಿಸಿದರೂ ಕೇಳದವಳ ಹಾಗೆ ನಾನು ಡಬ್ಬಿ ಮುಚ್ಚಳ ಹಾಕುತ್ತಿದ್ದೆ. ಬಾಯಿಬಿಟ್ಟು ಅಂದವರು ಗೆಳೆಯ. ಒಂದು ಶನಿವಾರ ನಮ್ಮ ಮನೆಯಲ್ಲೇ, ಚಹಾದಲ್ಲಿ ಬಿಸ್ಕೀಟು ಅದ್ದುತ್ತ, ಇವರ ಮುಖ ನೋಡಿಯೇ ಹೇಳಿದರು:

“ಬೂಟು ಬಿಚ್ಚು. ನೀ ಬೂಟು ಹಾಕ್ಕೊಂಡು ಬೆಂಚಿನ ಮ್ಯಾಲ ಕುಂತ್ರ ಹುಡುಗ್ರು ನಿನ್ನ ಕಾಲು ನೋಡ್ತಾರ, ಮಾತು ಕೇಳಂಗಿಲ್ಲ. ನಿನ್ನ ಆಟ ಮುಗದದ, ಭಾಯಿ.”

ಇವರ ಕಿವಿ ಕೆಂಪಾದವು. ಅಷ್ಟರಲ್ಲಿ ಗೆಳೆಯನ ಬಿಸ್ಕೀಟು ಅರ್ಧ ಮುರಿದು ಚಹಾದೊಳಗೆ ಬಿತ್ತು. ಪ್ರತಿ ಸಲವೂ ಬೀಳುತ್ತಿತ್ತು. ಪ್ರತಿ ಸಲವೂ ಅವರು “ಅರೆರೆ” ಎಂದು ಬೆರಳು ಹಾಕುತ್ತಿದ್ದರು, ನಾನು ಚಮಚ ಕೊಡುತ್ತಿದ್ದೆ. ಮರುದಿನ ಇವರು ಆಫೀಸಿನ ಷೂ ಹಾಕಿಕೊಂಡು ಸದ್ದಿಲ್ಲದೆ ಮೆಟ್ಟಿಲಿಳಿದರು. ಇವರು ಪೂರಾ ಮ್ಯಾನೇಜರ್ ಆದದ್ದು ಆವತ್ತೇ ಎಂದು ನಾನು ತಿಳಿದುಬಿಟ್ಟೆ.

ಆ ಹೊತ್ತಿಗೆ ನಮ್ಮ ರಸ್ತೆಯ ಚಹರೆ ಬದಲಾಗುತ್ತಿತ್ತು. ಸೀರೆ ಅಂಗಡಿಯ ಮೇಲೊಂದು, ಹಲ್ಲಿನ ಡಾಕ್ಟರ ಮೇಲೊಂದು ಕಂಪ್ಯೂಟರ್ ಕ್ಲಾಸಿನ ಬೋರ್ಡು ಏರಿತು. ಫೈಲನ್ನು ಎದೆಗವಚಿಕೊಂಡ ಹುಡುಗ ಹುಡುಗಿಯರು ಇರಾನಿ ಹೋಟೆಲಿನ ಮುಂದೆ ನಿಂತು ಅಮೆರಿಕದ ಊರುಗಳ ಹೆಸರನ್ನು ಪಕ್ಕದ ಓಣಿಯ ಹೆಸರಿನಷ್ಟು ಸಲಿಗೆಯಿಂದ ಹೇಳುತ್ತಿದ್ದರು. ಚೆಂಡು ಒದ್ದು ನೌಕರಿ ಹಿಡಿಯುವ ಕಾಲ ಮುಗಿದಿತ್ತು. ಆಫೀಸಿನವರೂ ಬಾಯಿಮಾತಿನಲ್ಲಿ ಹೇಳಿಬಿಟ್ಟಿದ್ದರು: ಈ ಸಲ ಮೇಲಿನ ಡಿವಿಷನ್ನಿನಿಂದ ಕೆಳಗೆ ಬಿದ್ದರೆ ತಂಡವೇ ಬೇಡ. ಕೊನೆಯ ಆಟ ಸೋತರೆ ಬೀಳುವುದು ಖಂಡಿತವಿತ್ತು.

ಗೆಳೆಯ ಆ ವರ್ಷ ಚೆಂಡಿಗೆ ತಡವಾಗಿ ಬೀಳುತ್ತಿದ್ದರಂತೆ. ಒಂದು ಗೋಲು ಕಾಲುಗಳ ನಡುವಿನಿಂದಲೇ ಹೋಯಿತಂತೆ. ಇದು ತಂಡದ ಹುಡುಗರಿಂದ ಕೇಳಿದ್ದು. ನಮ್ಮವರು ಊಟಕ್ಕೆ ಕೂತರೆ ರೊಟ್ಟಿ ಮುರಿದು ಕೈಯಲ್ಲೇ ಹಿಡಿದುಕೊಂಡಿರುತ್ತಿದ್ದರು. ತಂಡದಲ್ಲಿ ಹೊಸದಾಗಿ ಸೇರಿದ ಇನ್ನೊಬ್ಬ ಕೀಪರ್ ಇದ್ದ, ನಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ಬರುವಷ್ಟು ಎತ್ತರ. ಆದರೆ ಆ ಗೋಲಿನಲ್ಲಿ ಬೇರೆಯವರು ನಿಲ್ಲುವುದನ್ನು ಯಾರೂ ಊಹಿಸಿರಲಿಲ್ಲ. ಊಹಿಸಬೇಕಾದವರು ಒಬ್ಬರೇ, ಅವರು ನಮ್ಮ ಮನೆಯಲ್ಲಿದ್ದರು.

ಕೊನೆಯ ಆಟದ ಹಿಂದಿನ ಮಧ್ಯಾಹ್ನ ಇವರು ಹಸಿರು ಅಂಗಿಯನ್ನು ತಂದು ನನ್ನ ಹೊಲಿಗೆ ಮಷೀನಿನ ಮೇಲೆ ಇಟ್ಟರು.

“ಇದರ ತೋಳು ಉದ್ದ ಮಾಡಾಕ ಬರ್ತದೇನು?”

“ಯಾರಿಗೆ?” ಎಂದೆ.

“ನೀ ಮಾಡು,” ಎಂದವರೇ ಲಿಂಬೆಹಣ್ಣು ತರಲು ಹೊರಟುಹೋದರು.

ಯಾರಿಗೆ ಎಂದು ಕೇಳಬೇಕಾದ್ದೇ ಇರಲಿಲ್ಲ. ತಂಡಕ್ಕಿದ್ದದ್ದು ಒಂದೇ ಕೀಪರ್ ಅಂಗಿ. ಅದು ಹೊಸದಾಗಿ ಬಂದಾಗ ಗೆಳೆಯನ ಕೈಗೆ ತೋಳು ದೊಡ್ಡದಾಗಿ, ನಾನೇ ಒಳಗೆ ಮಡಚಿ, ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಸಣ್ಣ ಸಣ್ಣ ಹೊಲಿಗೆ ಹಾಕಿಕೊಟ್ಟಿದ್ದೆ. ಈಗ ಆ ಹೊಲಿಗೆ ಬಿಚ್ಚತೊಡಗಿದೆ. ಬಿಸಿಲಿಗೆ ಮಾಸಿ ಅಂಗಿಯೆಲ್ಲ ಒಣ ಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಒಳಗಿನಿಂದ ಹೊರಬಂದ ಪಟ್ಟಿ ಮಾತ್ರ ಕಡು ಹಸಿರು, ಅಂಗಡಿಯಿಂದ ಈಗ ತಂದ ಹಾಗೆ. ಮಣಿಕಟ್ಟಿನ ಸುತ್ತ ಬಳೆಯಂತೆ ಎದ್ದು ಕಾಣುತ್ತಿತ್ತು. ಇದನ್ನು ಹೇಗಾದರೂ ಮಾಸಿಸಬಹುದೇ ಎಂದು ಪೆದ್ದಿಯ ಹಾಗೆ ಉಜ್ಜುತ್ತ ಕೂತಿದ್ದೆ. ಗೆಳೆಯ ಬಂದರು.

ಶನಿವಾರದ ಚಹಾಕ್ಕೆ, ಎಂದಿನಂತೆ. ನಾನು ಅಂಗಿಯನ್ನು ಮಡಿಲಿಗೆ ಎಳೆದುಕೊಳ್ಳುವಷ್ಟರಲ್ಲಿ ಅತ್ತೆ ಮಂಚದ ಮೇಲಿನಿಂದಲೇ ಅಂದರು: “ಬಾರಪ್ಪ. ಈ ವಯಸ್ಸಿನಾಗ ನಿನ್ನ ಕೈ ಬೆಳದಾವೇನು? ತೋಳು ಬಿಚ್ಚಾಕತ್ತಾಳ ನೋಡು ನಮ್ಮಾಕಿ.”

ಅವರಿಗೆ ಏನೂ ತಿಳಿಯದು. ಗೆಳೆಯ ಅಂಗಿ ನೋಡಿದರು, ನನ್ನನ್ನು ನೋಡಿದರು. ಆಮೇಲೆ ತಮ್ಮ ಕೈಯನ್ನು ಮುಂದೆ ಚಾಚಿ ಒಮ್ಮೆ ನೋಡಿಕೊಂಡರು.

“ಬೆಳದಾವ್ರೀ ಅಮ್ಮಾ,” ಎಂದರು. “ಬಾಲು ಹಿಡಿದು ಹಿಡಿದು.”

ಅತ್ತೆ ಗಟ್ಟಿಯಾಗಿ ನಕ್ಕರು. ನಾನು ಚಹಾ ತಂದೆ. ಗೆಳೆಯ ಬಿಸ್ಕೀಟನ್ನು ಅದ್ದಲಿಲ್ಲ. ಒಣದನ್ನೇ ಕಡಿದು, ನೀರು ಕುಡಿದರು. ಆಮೇಲೆ ಅಂಗಿಯನ್ನು ಕೈಗೆತ್ತಿಕೊಂಡು, “ಭಾಭಿ, ಇಷ್ಟು ಸಾಲಂಗಿಲ್ಲ. ಆ ಹುಡುಗನ ಕೈ ಇನ್ನೂ ಉದ್ದ ಅವ. ತುದಿತನಕ ಬಿಚ್ರಿ,” ಎಂದರು. ನಾನು ಅಂಗಿ ಇಸಿದುಕೊಂಡು ಉಳಿದ ಹೊಲಿಗೆಗೆ ಕತ್ತರಿ ಹಾಕಿದೆ.

ಅಷ್ಟರಲ್ಲಿ ಇವರು ಲಿಂಬೆಹಣ್ಣಿನ ಚೀಲ ಹಿಡಿದು ಬಂದವರು ಹೊಸ್ತಿಲಲ್ಲೇ ನಿಂತರು. ಗೆಳೆಯ ಎದ್ದರು. ಧ್ವನಿ ಏರಿಸಲಿಲ್ಲ, ಅಷ್ಟು ದೊಡ್ಡ ಗಂಟಲಿನ ಮನುಷ್ಯ.

“ಇಷ್ಟು ವರ್ಷ ನಿನ್ನ ಹಿಂದ ನಿಂತು ಒದರೀನಿ. ನೀ ಒಮ್ಮಿ, ಒಂದೇ ಒಂದು ಸಲ, ನನ್ನ ಮುಂದ ನಿಂತು ಹೇಳಬೇಕಿತ್ತು. ನಿನ್ನ ಬೂಟು ಬಿಚ್ಚಿಸುವಾಗ ನಾ ಏನು ಭಾಭಿ ಕೈಲೆ ಹೇಳಿ ಕಳಿಸಿದ್ನೇನು?”

“ನಾಳೆ…” ಎಂದರು ಇವರು. ಚೀಲ ಕೈ ಬದಲಾಯಿಸಿದರು. “ನಾಳೆ ನೀ ಬೆಂಚಿನ ಮ್ಯಾಲ.”

“ಅದು ಅಂಗಿ ಹೇಳ್ತು,” ಎಂದು ಗೆಳೆಯ ಚಪ್ಪಲಿ ಮೆಟ್ಟಿಕೊಂಡು ಇಳಿದುಹೋದರು.

“ಏನಾತು? ಚಾ ಸಪ್ಪಗಾಗಿತ್ತೇನು?” ಎಂದು ಅತ್ತೆ ಕೇಳಿದರು.

ಮರುದಿನ ನಾನೂ ಮೈದಾನಕ್ಕೆ ಹೋದೆ, ಮನೆಯಲ್ಲಿ ಕೂರಲಾಗಲಿಲ್ಲ. ಗೆಳೆಯ ಬಂದಿದ್ದರು. ಬೆಂಚಿನಲ್ಲಿ ಕೂರದೆ ಗೋಲಿನ ಹಿಂದೆ ಹೋಗಿ ನಿಂತು, ಎತ್ತರದ ಕೀಪರನಿಗೆ “ಮುಂದ ಬಾ! ಬಲಕ್ಕ!” ಎಂದು ಆಟ ಮುಗಿಯುವತನಕ ಕೂಗಿದರು. ಕೊನೆಯ ಗಳಿಗೆಯಲ್ಲಿ ಮೇಲಿನ ಮೂಲೆಗೆ ಬಂದ ಚೆಂಡಿಗೆ ಆ ಹುಡುಗ ಹಾರಿದ. ಕಡು ಹಸಿರು ಪಟ್ಟಿಯ ಆಚೆ ಬೆರಳ ತುದಿ ತಾಗಿ ಚೆಂಡು ಹೊರಗೆ ಹೋಯಿತು. ಗೆಳೆಯನ ಕೈ ಅಲ್ಲಿಗೆ ಮುಟ್ಟುತ್ತಿರಲಿಲ್ಲ. ಆಟದ ಗಂಧವಿಲ್ಲದ ನನಗೂ ಅದು ತಿಳಿಯಿತು. ಆಟ ಸಮವಾಯಿತು, ತಂಡ ಉಳಿಯಿತು. ಹುಡುಗರು ಇವರನ್ನು ಎತ್ತಿ ಕುಣಿಸಿದಾಗ ಇವರ ಕಣ್ಣು ಗೋಲಿನ ಹಿಂದೆ ಹುಡುಕುತ್ತಿತ್ತು. ಅಲ್ಲಿ ಆಗಲೇ ಯಾರೂ ಇರಲಿಲ್ಲ.

ಇವರ ಆಯ್ಕೆ ಸರಿಯಾಗಿತ್ತು. ಸರಿಯಾಗಿದ್ದದ್ದೇ ಇವರಿಗೆ ಹೆಚ್ಚು ಕಷ್ಟವಾಯಿತು. ತಪ್ಪಾಗಿದ್ದರೆ ಓಡಿಹೋಗಿ ಕ್ಷಮೆ ಕೇಳಬಹುದಿತ್ತು. ಶನಿವಾರಗಳು ಬಂದು ಹೋದವು. “ಗೋಲಿನಂವ ಯಾಕ ಬರವಲ್ಲ?” ಎಂದು ಅತ್ತೆ ಕೇಳುತ್ತಲೇ ಇದ್ದರು. ತಂದ ಬಿಸ್ಕೀಟು ಡಬ್ಬಿಯಲ್ಲಿ ಮೆತ್ತಗಾಗುತ್ತಿದ್ದವು. ಮುಂದಿನ ವರ್ಷ, ಡಿವಿಷನ್ನಿನಲ್ಲಿ ಉಳಿದಿದ್ದರೂ, ಆಫೀಸು ತಂಡವನ್ನು ಮುಚ್ಚಿಯೇ ಬಿಟ್ಟಿತು. ಇವರು ಸ್ವಯಂ ನಿವೃತ್ತಿ ತೆಗೆದುಕೊಂಡರು.

ಸಾಫ್ಟ್‌ವೇರ್ ಕಂಪನಿಯೊಂದು ತನ್ನ ಎಂಜಿನಿಯರುಗಳ ಫುಟ್‌ಬಾಲ್ ತಂಡಕ್ಕೆ ಮ್ಯಾನೇಜರ್ ಬೇಕೆಂದು ಇವರನ್ನು ಕರೆದಾಗ ಇವರು “ನಾಂಪಲ್ಲಿಗೆ ಹೋಗಿ ಬರೋಣ, ನಡಿ,” ಎಂದರು. ಸ್ಕೂಟರಿನ ಮೇಲೆ ಹೋದೆವು. ಗೆಳೆಯ ಬಾಗಿಲು ತೆರೆದು, ನನಗೆ “ಬರ್ರಿ ಭಾಭಿ” ಎಂದರು. ಇವರಿಗೆ, “ಯಾಕ, ನೀನ ಬಂದಿ? ಒಂದು ಅಂಗಿ ಕಳಿಸಿದ್ರ ಆಗ್ತಿತ್ತಲ್ಲ.”

ಇವರು ಒಳಗೆ ಬಂದರೂ ಕೂರಲಿಲ್ಲ. ಅವರ ಎದುರಿಗೆ ಹೋಗಿ ನಿಂತರು.

“ಆವತ್ತು ನಾನ ಬಂದು ಹೇಳಬೇಕಿತ್ತು.”

“ಹೇಳಬೇಕಿತ್ತು.”

“ಅಂಜಿದೆ.”

“ಗೊತ್ತದ. ಎಲ್ಲಾರೂ ಅಂಜ್ತಾರ. ಈಗ ಏನು ಹೇಳಾಕ ಬಂದಿ?”

“ಹೊಸ ತಂಡ ಅದ. ಕೀಪರುಗಳಿಗೆ ಕಲಿಸಬೇಕು. ನೀ ಬಂದ್ರ ನಾನೂ ಹೋಗ್ತೀನಿ.”

ಗೆಳೆಯ ಇವರ ಕಾಲಿನ ಕಡೆ ಬಗ್ಗಿ ನೋಡಿದರು. “ಬೂಟು ಹಾಕ್ಕೊಂಡು ಬಂದಿಲ್ಲ ತಾನ?”

ಈಗ ನಾವಿರುವುದು ಕಂಪನಿಗೆ ಹತ್ತಿರದ ಮಣಿಕೊಂಡದಲ್ಲಿ. ಇಲ್ಲಿ ಮಾಳಿಗೆಗೆ ಬೀಗ. ತಂಡದ ಬಟ್ಟೆ ಲಾಂಡ್ರಿಗೆ ಹೋಗುತ್ತದೆ. ಪ್ರತಿ ಆಟದ ಹಿಂದಿನ ಸಂಜೆ ಇವರು, ಈ ಸಲ ಆಡಿಸದೆ ಬಿಟ್ಟವನ ರೂಮು ಹುಡುಕಿಕೊಂಡು ಹೋಗುತ್ತಾರೆ. ಕಳೆದ ತಿಂಗಳು, ನಮ್ಮ ಮನೆಗೆ ಚಹಾಕ್ಕೆ ಬಂದ ಗೆಳೆಯನೂ ಸೇರಿ ನಾವು ಮೂವರೂ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೊರಟಿದ್ದಾಗ, ದಾರಿಯಲ್ಲಿ ಒಂದು ಹಾಸ್ಟೆಲಿನ ಮುಂದೆ ಕಾರು ನಿಲ್ಲಿಸಿದರು. ಕೊರಳಲ್ಲಿ ಐಡಿ ಕಾರ್ಡು ಹಾಕಿಕೊಂಡೇ ಇಳಿದು ಬಂದ ಎಂಜಿನಿಯರ್ ಗೇಟಿನಲ್ಲಿ ನಿಂತು, ನಾಳೆ ತಾನು ಆಡುವುದಿಲ್ಲ ಎಂಬುದನ್ನು ಇವರ ಬಾಯಿಂದಲೇ ಕೇಳಿದ. ಮುಖ ಸಣ್ಣದಾಯಿತು. ಆಮೇಲೆ, “ಇದಕ್ಕಾಗಿ ಇಲ್ಲೀತನಕ ಬಂದ್ರಾ ಸರ್? ಒಂದು ಮೇಲ್ ಹಾಕಿದ್ರೆ ಸಾಕಿತ್ತು,” ಎಂದ.

ಹಿಂದಿನ ಸೀಟಿನಲ್ಲಿ ಗೆಳೆಯ ಗಾಜು ಪೂರ್ತಿ ಇಳಿಸಿ ಕಿವಿ ಕೊಟ್ಟಿದ್ದರು. ಇವರು ಆ ಹುಡುಗನ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಂತರು. ಅವನೇನಾದರೂ ಬಯ್ಯಬೇಕೆಂದಿದ್ದರೆ ಬಯ್ಯಲಿ ಎಂಬ ಹಾಗೆ.