ಅವ್ವನ ದನಿಗೆ ಮಾತ್ರ ತೆರೆಯುವ ಬಾಗಿಲು

ಬೇಸಿಗೆ ರಜೆಯ ಒಂದು ಮಧ್ಯಾಹ್ನ ಮೂರೂಕಾಲಿಗೆ ನಳ ಬಂತು. ಆ ದಿನಗಳಲ್ಲಿ ಗೋಕಾಕದ ನಮ್ಮ ಓಣಿಗೆ ನೀರು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿರುತ್ತಿರಲಿಲ್ಲ. ಬಂದಾಗ ಕೈಯಲ್ಲಿದ್ದ ಕೆಲಸ ಬಿಟ್ಟು ಓಡಬೇಕು. ತಮ್ಮ ಬಸುವಿಗೆಂದು ಗ್ಯಾಸಿನ ಮೇಲೆ ಹಾಲು ಇಟ್ಟಿದ್ದೆ. ಎರಡು ಕೊಡ ಎತ್ತಿಕೊಂಡು ಹೊರಬಿದ್ದೆ. ನಾಲ್ಕು ಹೆಜ್ಜೆ ಹೋಗಿರಲಿಲ್ಲ, ಹಿಂದೆ ಚಿಲಕ ಬಿದ್ದ ಸದ್ದು ಕೇಳಿತು.

ನಮ್ಮ ಬಾಗಿಲಿಗೆ ಎರಡು ಚಿಲಕ. ಮೇಲಿನದು ದೊಡ್ಡವರಿಗೆ. ಕೆಳಗಿನದನ್ನು ಅಪ್ಪ ನನಗಾಗಿ ಹೊಡೆದದ್ದು. ನಾನು ಒಂದನೆಯ ಇಯತ್ತೆಯಲ್ಲಿದ್ದಾಗ ಸಾಲಿಯಿಂದ ಬಂದು ಒಬ್ಬಳೇ ಇರಬೇಕಾಗುತ್ತಿತ್ತು. ಅಪ್ಪ ಯಮಕನಮರಡಿಯ ಒಬ್ಬರ ಲಾರಿ ಓಡಿಸುತ್ತಿದ್ದ. ಅವ್ವ ಎರಡು ಓಣಿ ಆಚೆ, ಕರದಂಟು ಮಾಡುವಲ್ಲಿ ಉತ್ತತ್ತಿ, ಕೊಬ್ಬರಿ ಹೆಚ್ಚುತ್ತಿದ್ದಳು. ಅಜ್ಜಿ ಮೇಲವಂಕಿಯಲ್ಲಿ ಕಾಕಾನ ಮಕ್ಕಳನ್ನು ನೋಡಿಕೊಂಡಿದ್ದಳು. ಯಾರೇ ಕರೆದರೂ ಬಾಗಿಲು ತೆಗೆಯಬಾರದು, ಅವ್ವನ ದನಿ ಕೇಳಿದರೆ ಮಾತ್ರ ತೆಗೆಯಬೇಕು ಎಂಬುದು ನನಗಿದ್ದ ಒಂದೇ ಪಾಠ.

ಬಸು ಹುಟ್ಟಿ ಮೂರು ತುಂಬಿದ ಮೇಲೆ ಅದೇ ಪಾಠ ಅವನಿಗೂ ಬಂತು. ಆಟದಂತೆ ಕಲಿಸಿದ್ದೆ. ನಾನು ಹೊರಗೆ ನಿಂತು ಕಳ್ಳನಾಗುತ್ತಿದ್ದೆ, ಪೋಲೀಸನಾಗುತ್ತಿದ್ದೆ, ಕೊನೆಗೆ ನಾನೇ ಆಗಿಯೂ ಕರೆಯುತ್ತಿದ್ದೆ. ಅವನು ಸೋಲುತ್ತಿರಲಿಲ್ಲ. ಹೊಸ್ತಿಲ ಮೇಲೆ ತುದಿಗಾಲಲ್ಲಿ ನಿಂತರೆ ಆ ಚಿಲಕ ಅವನಿಗೂ ಎಟುಕುತ್ತಿತ್ತು.

ಕೊಡ ಇಟ್ಟು ಕಿಟಕಿಗೆ ಓಡಿದೆ.

“ಬಸು, ಚಿಲಕ ತಗಿ.”

“ನೀ ಅವ್ವ ಅಲ್ಲ.”

“ಅಕ್ಕ ಅದೀನಿ, ತಗಿಯೋ.”

“ಕಳ್ಳ ಅದಿ ನೀ. ಹೋಗ.” ನಗುತ್ತಿದ್ದ.

ಅವನ ಹಿಂದೆ ಹಾಲು ಏರಿತು, ಉಕ್ಕಿತು, ಉರಿ ಆರಿತು. ಸುಟ್ಟ ಹಾಲಿನ ವಾಸನೆಯ ಹಿಂದೆಯೇ ಗ್ಯಾಸಿನ ವಾಸನೆ ಬಂತು. ಬಾಜೂ ಮನೆಯ ಶಾಂತಕ್ಕ ಹೊಲಿಗೆ ಬಿಟ್ಟು ಓಡಿಬಂದು ಬಾಗಿಲಿಗೆ ಭುಜ ಕೊಟ್ಟು ನೋಡಿದಳು. ಸಾಗವಾನಿ ಬಾಗಿಲು ಅಲುಗಲಿಲ್ಲ. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು. ಅವಳು ಅವ್ವನನ್ನು ಕರೆಯಲು ಓಡಿದಳು.

ಅಷ್ಟರಲ್ಲಿ ಬಸು ಒಲೆಕಟ್ಟೆಯ ಮೇಲಿನ ಗ್ಯಾಸ್ ಲೈಟರ್ ಕೈಗೆ ತೆಗೆದುಕೊಂಡ. ಅವನ ಆಟದಲ್ಲಿ ಅದು ಪಿಸ್ತೂಲು, ಟಕ್ ಎನ್ನುವ ಅದರ ಸದ್ದು ಅವನಿಗೆ ಬಹಳ ಇಷ್ಟ.

ನಾನು ಕೂಗಲಿಲ್ಲ. ಯಾಕೆ ಕೂಗಲಿಲ್ಲವೋ ಗೊತ್ತಿಲ್ಲ. ನನಗೆ ಗುಂಡು ಹೊಡಿ ಬಾ, ಹತ್ತಿರ ಬಂದು ಹೊಡಿ ಎಂದು ಮೆಲ್ಲಗೆ ಕರೆದೆ. ಬಂದ. ಸರಳಿನ ನಡುವೆ ಕೈ ತೂರಿಸಿ ಅವನ ಮುಂಗೈ ಹಿಡಿದುಬಿಟ್ಟೆ. ಲೈಟರ್ ಕಿತ್ತು ಓಣಿಗೆ ಎಸೆದೆ. ಕಡ್ಡಿಪೆಟ್ಟಿಗೆ ಇನ್ನೂ ಒಲೆಯ ಪಕ್ಕದಲ್ಲೇ ಇತ್ತು. ಅದಕ್ಕೇ ಕೈ ಬಿಡಲಿಲ್ಲ. ಅವನು ಅಳುತ್ತಿದ್ದ, ಕಚ್ಚಿದ. ಅತ್ತ ನಳ ಸುಮ್ಮನೆ ಸುರಿಯುತ್ತಿತ್ತು.

ಅವ್ವ ಬಂದಳು. ಅಂಗೈಗೆಲ್ಲ ಬೆಲ್ಲ ಮೆತ್ತಿತ್ತು. “ಅವನ ಕೈ ಬಿಡವ್ವ,” ಎಂದಳು ನನಗೆ. ಬಿಟ್ಟರಷ್ಟೇ ಅವನು ಬಾಗಿಲಿಗೆ ಹೋಗಬಹುದು. ಬಿಟ್ಟರೆ ಒಲೆಗೂ ಹೋಗಬಹುದು. ಇಂದಿಗೂ ನಾನು ಮತ್ತೆ ಮತ್ತೆ ನಿಲ್ಲುವುದು ಅಲ್ಲೇ. ಬೆರಳು ಒಂದೊಂದಾಗಿ ಬಿಡಿಸಿದೆ.

“ಬಸು, ನಾ ಅವ್ವ ಬಂದೀನಿ. ಚಿಲಕ ತಗಿ.”

ತೆಗೆದ. ಅವ್ವ ಒಳಗೆ ಓಡಿ ಗ್ಯಾಸ್ ಬಂದ್ ಮಾಡುವಾಗ ಅವನು ಗೆದ್ದವನಂತೆ ನಿಂತಿದ್ದ.

ಅಪ್ಪ ಮರುದಿನ ಬಂದ. ಅವ್ವ ಕೆಲಸ ಬಿಡಬೇಕೆಂದು ಮಾತಾಯಿತು. ಆದರೆ ಅವಳ ಪಗಾರವಿಲ್ಲದೆ ಮನೆಬಾಡಿಗೆ ಕಟ್ಟುವಂತಿರಲಿಲ್ಲ. ಅಪ್ಪ ಗುಜರಾತಿನ ಲೈನಿಗೆ ಹೋಗುತ್ತೇನೆಂದ, ಅಲ್ಲಿ ಭತ್ಯೆ ಹೆಚ್ಚು.

“ಮಕ್ಕಳ ಕೂಡ ಒಬ್ಬರು ಇರಬೇಕಂದ್ರ ಇನ್ನೊಬ್ಬರು ಮನಿನ ಬಿಡಬೇಕೇನ್ರಿ?” ಎಂದಳು ಅವ್ವ. ಅಪ್ಪ ಬಟ್ಟೆಯ ಚೀಲ ಎತ್ತಿಕೊಂಡ. ಹೋದ.

ಆ ಮಳೆಗಾಲ ಅವ್ವ ಮನೆಯಲ್ಲೇ ಇದ್ದಳು. ನಾನು ಅಂದುಕೊಂಡಂತೆ ಇರಲಿಲ್ಲ ಅದು. ಅವಳ ಸೆರಗಿನಿಂದ ಬೆಲ್ಲದ, ತುಪ್ಪದಲ್ಲಿ ಹುರಿದ ಅಂಟಿನ ವಾಸನೆ ಹೋಯಿತು. ಜೊತೆಯವರ ಚೇಷ್ಟೆಯನ್ನು ಸಂಜೆ ಬಂದು ಹೇಳುತ್ತಿದ್ದಳಲ್ಲ, ಅದೂ ನಿಂತಿತು. ಪಂಚಮಿಗೆ ಉಂಡಿ ಕಟ್ಟಿದಳು, ಯಾಕೋ ಸಿಹಿ ಕಡಿಮೆಯಾಗಿತ್ತು. ರಾತ್ರಿ ಅವಳೆದ್ದು ಗ್ಯಾಸ್ ಮುಟ್ಟಿ ನೋಡುತ್ತಿದ್ದಳು, ನಾನೆದ್ದು ಚಿಲಕ ಮುಟ್ಟಿ ನೋಡುತ್ತಿದ್ದೆ. ಒಮ್ಮೊಮ್ಮೆ ಕತ್ತಲಲ್ಲಿ ಎದುರಾಗುತ್ತಿದ್ದೆವು.

ದಸರೆಯ ಹೊತ್ತಿಗೆ ಒಂದು ಸಂಜೆ ಬಾಗಿಲು ಬಡಿದ ಸದ್ದು. ಅವ್ವ ಹಿತ್ತಲಲ್ಲಿದ್ದಳು.

“ಬಸು, ಬಾಗಲಾ ತಗಿಯಪ್ಪಾ.”

ಬಸು ಕಿಟಕಿಯಲ್ಲಿ ಇಣುಕಿದ. ಗಡ್ಡ ಬಿಟ್ಟ, ಕಪ್ಪಾದ ಆ ಮುಖವನ್ನು ಬಹಳ ಹೊತ್ತು ನೋಡಿದ. “ಅವ್ವಾ, ಯಾರೋ ಕಾಕಾ ಬಂದಾನ.”

ಕಟ್ಟೆಯ ಮೇಲೆ ಕೂತಿದ್ದ ಶಾಂತಕ್ಕ ನಗಿಸಲೆಂದು, “ಲಾರಿ ಹೊಡ್ಯಾವ್ರ ಮಕ್ಕಳು ಟೈರಿನ ಗುರುತ ಹಿಡಿತಾವು, ಅಪ್ಪನ್ನಲ್ಲ,” ಎಂದಳು. ಅಪ್ಪ ನಗಲಿಲ್ಲ. ಒಳಗೆ ಬಂದವನು ಚಹಾ ಕುಡಿಯಲಿಲ್ಲ. ಸ್ಕ್ರೂಡ್ರೈವರ್ ಹುಡುಕಿ ಕೆಳಗಿನ ಚಿಲಕ ಬಿಚ್ಚಿದ. ಅವ್ವ ನೋಡುತ್ತ ನಿಂತಿದ್ದಳು. “ನಾಳೆ ಕೆಲಸ ಕೇಳಾಕ ಹೋಗು,” ಎಂದ ಅವಳಿಗೆ. “ನಾ ಇಲ್ಲೇ ಏನರ ಹೊಡಿತೀನಿ.”

ಲಾರಿ ಬಿಟ್ಟು ಟೆಂಪೋ ಹಿಡಿದ. ಗೋಕಾಕದಿಂದ ಮೂಡಲಗಿ, ಹುಕ್ಕೇರಿಯ ಅಂಗಡಿಗಳಿಗೆ ಕಿರಾಣಿ ಸಾಮಾನು. ಪಗಾರ ಅರ್ಧಕ್ಕಿಳಿಯಿತು, ಇದ್ದ ಎರಡು ಕೋಣೆಯಲ್ಲಿ ಒಂದನ್ನು ಬಿಟ್ಟುಕೊಟ್ಟೆವು. ಬಸು ಸಾಲಿಗೆ ಸೇರುವವರೆಗೆ ಅಪ್ಪನ ಪಕ್ಕದ ಸೀಟಿನಲ್ಲೇ ಬೆಳೆದ. ನನ್ನ ಕೊರಳಲ್ಲಿ ಶಿವದಾರದ ಜೊತೆಗೆ ಬೀಗದ ಕೈ ಬಂತು. ಸಾಲಿಯಿಂದ ಬಂದು ಬೀಗ ತೆಗೆಯುವ ಮುಂಚೆ ಒಮ್ಮೆ ಬಾಗಿಲು ಬಡಿದು, ಕಿವಿಗೊಟ್ಟು ನಿಲ್ಲುತ್ತಿದ್ದೆ.

ಈಗ ನಾನು ಹುಕ್ಕೇರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತೇನೆ. ಗಂಡನ ನೌಕರಿ ಮೂಡಲಗಿಯಲ್ಲಿ. ಯಾರು ಬಿಡುವುದೆಂದು ನಾವೂ ಎಷ್ಟೋ ಸಲ ಕೂತು ಮಾತಾಡಿದ್ದೇವೆ. ಮನೆಸಾಲ ಇರುವವರೆಗೆ ಇಬ್ಬರೂ ಬಿಡುವಂತಿಲ್ಲ. ಮಗಳನ್ನು ಒಬ್ಬ ಹೆಂಗಸು ನೋಡಿಕೊಳ್ಳುತ್ತಾಳೆ. ಪಾಠಗಳ ನಡುವೆ ಮೊಬೈಲಿನಲ್ಲಿ ಮನೆಯ ಕ್ಯಾಮೆರಾ ತೆರೆದು ನೋಡುತ್ತೇನೆ. ಮಗಳು ಆಡುತ್ತಿರುತ್ತಾಳೆ, ಕೆಲವೊಮ್ಮೆ ಅಳುತ್ತಿರುತ್ತಾಳೆ. ಗೋಕಾಕದ ಮನೆಯ ಆ ಕಿಟಕಿಯಲ್ಲಾದರೆ ಕೈ ಒಳಗೆ ಹೋಗುತ್ತಿತ್ತು.

ಚಿಲಕ ಬಿಚ್ಚಿದ ಮರುದಿನ ಬೆಳಿಗ್ಗೆ ನಾನು ಎದ್ದಾಗ ಬಿಸಿಲು ಹಾಸಿಗೆಯ ಮೇಲಿತ್ತು. ಅಪ್ಪ, ಅವ್ವ, ಬಸು, ನಾನು, ಒಂದೇ ಸಾಲಿನಲ್ಲಿ. ಬಸುವಿನ ಕಾಲು ಅಪ್ಪನ ಹೊಟ್ಟೆಯ ಮೇಲಿತ್ತು. ನಸುಕಿನಲ್ಲಿ ನಳ ಬಂದು ಹೋಗಿತ್ತಂತೆ. ಶಾಂತಕ್ಕ ಕರೆದೂ ಕರೆದೂ ಸಾಕಾಗಿ ತನ್ನ ಪಾಡಿಗೆ ತುಂಬಿಕೊಂಡಳಂತೆ. ನಮಗಾರಿಗೂ ಕೇಳಿರಲಿಲ್ಲ. ಮನೆಯಲ್ಲಿ ಕುಡಿಯಲು ಒಂದು ತಂಬಿಗೆ ನೀರಿರಲಿಲ್ಲ. ಅವ್ವ ಖಾಲಿ ಕೊಡಗಳನ್ನು ನೋಡಿದಳು, ಆಕಳಿಸಿದಳು, ಮತ್ತೆ ಮಲಗಿದಳು.