ಹೆಬ್ಬೆರಳಿಗೆ ಗೊತ್ತಿದ್ದ ಗುಳಿ

ನಾಗ, ನಿನ್ನ ಬಲಗೈ ಹಾಳಾದದ್ದು ನಮ್ಮಪ್ಪನಿಂದಲ್ಲ, ನನ್ನಿಂದ. ವಾಲಿಬಾಲ್ ಸೆಲೆಕ್ಷನ್ನಿಗೆ ಎರಡು ತಿಂಗಳು ಮೊದಲೇ ನನಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬೆನ್ನ ಹಿಂದೆ ನಿಂತು — ನಿಜವಾಗಿಯೂ ಬೆನ್ನ ಹಿಂದೆಯೇ, ಎರಡೂ ಕೈ ನಿನ್ನ ಭುಜದ ಮೇಲಿಟ್ಟುಕೊಂಡು — "ಏನಿಲ್ಲ ಕಣೋ, ಬಿಗಿ ಹಿಡ್ಕೊಂಡಿದೆ ಅಷ್ಟೆ, ಬಿಡಿಸ್ತೀನಿ" ಎಂದೆ.

ಇದಾಗಿ ಎಂಟು ವರ್ಷ. ಎಷ್ಟೋ ಸಲ ನಿನಗೆ ಹೇಳಿಬಿಡೋಣವೆಂದು ಫೋನು ಕೈಗೆತ್ತಿಕೊಂಡು ಮತ್ತೆ ಇಟ್ಟಿದ್ದೇನೆ. ಮಾತಾಡಿದರೆ ನಡುವೆ ಅತ್ತುಬಿಡುತ್ತೇನೆ, ನಾನು ಅತ್ತರೆ ನೀನು "ಬುಡಕ್ಕ, ಹೋಗ್ಲಿ" ಅಂದುಬಿಡುತ್ತೀಯ. ಅಷ್ಟು ಅಗ್ಗಕ್ಕೆ ಮುಗಿಯಬಾರದು ಇದು. ಅದಕ್ಕೇ ಬರೆಯುತ್ತಿದ್ದೇನೆ. ನಿನಗೆ ಗೊತ್ತಿರುವುದನ್ನೂ ಬಿಡದೆ ಬರೆಯುತ್ತೇನೆ, ಯಾಕೆಂದರೆ ಇದನ್ನು ಬೇರೆಯವರೂ ಓದಬೇಕು. ಅಪ್ಪನ ಬಗ್ಗೆ ಕುಣಿಗಲ್ಲಿನಲ್ಲಿ ಆಡಿಕೊಂಡವರು ಮುಖ್ಯವಾಗಿ ಓದಬೇಕು.

ಹೋದ ತಿಂಗಳು ನೀನು ಗುಬ್ಬಿಯಿಂದ ನಿನ್ನ ಅಕ್ಕನ ಮಗಳು ಚೈತ್ರಾಳನ್ನು ಕರೆದುಕೊಂಡು ತುಮಕೂರಿನ ನನ್ನ ಫಿಸಿಯೋಥೆರಪಿ ಕ್ಲಿನಿಕ್ಕಿಗೆ ಬಂದೆಯಲ್ಲ. ಹುಡುಗಿ ಕಾಲೇಜಿನ ವಾಲಿಬಾಲ್ ಟೀಮಿನಲ್ಲಿದ್ದಾಳೆ, ಸ್ಮ್ಯಾಷ್ ಹೊಡೆದರೆ ಭುಜ ನೋಯುತ್ತದಂತೆ ಎಂದೆ. ಬಸ್ಸಿನ ಗಾಳಿಗೆ ಕೆದರಿದ್ದ ಕೂದಲನ್ನು ನೀನು ಬಾಗಿಲಲ್ಲೇ ನಿಂತು ಬಾಚಿಕೊಂಡೆ — ಕೈ ತಲೆಗೆ ಹೋಗುವುದಿಲ್ಲವಲ್ಲ, ತಲೆಯನ್ನೇ ಕೈಯ ಹತ್ತಿರಕ್ಕೆ ಬಗ್ಗಿಸಿ. ಆಮೇಲೆ ಹೇಳಿದೆ: "ನಿಮ್ಮನೇಲಿ ನಂಗೆ ದ್ರೋಹ ಮಾಡ್ದೆ ಇದ್ದೋರು ನೀವೊಬ್ರೆ ಅಕ್ಕ. ಅದ್ಕೇ ಇವ್ಳ್ನ ಇಲ್ಲಿಗೇ ಕರ್ಕೊಂಡ್ ಬಂದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ನನ್ನ ಹೆಗಲು ನೋಡಿಕೊಳ್ಳಲಿಲ್ಲ, ನಿನ್ನದನ್ನು ನೋಡಿದೆ. ತೆಳು ಷರ್ಟಿನಡಿ ಬಲಭುಜದ ಹಿಂದಿನ ಆ ಗುಳಿ ಈಗಲೂ ಕಾಣುತ್ತದೆ. ಹೇಳಿಬಿಡಬೇಕಿತ್ತು, ಆಗಲೇ, ಆ ಹುಡುಗಿಯ ಎದುರಿಗೇ. "ಕೂತ್ಕೊಳೋ, ಕಾಫಿ ತರಿಸ್ತೀನಿ" ಎಂದೆ. ಥೂ, ನನ್ನ ಬಾಯಿಗಿಷ್ಟು ಮಣ್ಣು ಹಾಕ.

ಚೈತ್ರಾಳ ಭುಜ ಚೆನ್ನಾಗಿದೆ, ಹೆದರಬೇಡ. ಎರಡೂ ಕೈಯಿಂದ ತಳ್ಳಿಸಿ ನೋಡಿದೆ, ಬಲ ಸಮ ಇದೆ. ಬರೀ ಬಿಗಿ ಹಿಡಿದಿದೆ ಅಷ್ಟೆ. ಆದರೆ ಆ ಮಾತು ನಿಜವಾಗಿದ್ದಾಗಲೂ ಅವತ್ತು ನನಗೆ ಹೇಳಲಾಗಲಿಲ್ಲ. "ತೊಂದ್ರೆ ಇಲ್ಲ" ಎಂದಷ್ಟೇ ಹೇಳಿದೆ. ನೀನು ಎರಡನೇ ಪ್ರಶ್ನೆ ಕೇಳದೆ ನಂಬಿದೆ.

ಅಪ್ಪ ಕುಣಿಗಲ್ಲಿನ ಒಂದು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದರು. ಅಮ್ಮ ಇಲ್ಲದ ಮನೆ. ನೀನು ಯಡಿಯೂರಿನ ಕಡೆಯಿಂದ ಬಸ್ಸಿನಲ್ಲಿ ಶಾಲೆಗೆ ಬರುತ್ತಿದ್ದವನು, ಒಂಬತ್ತನೇ ಕ್ಲಾಸಿಗೆ ಬರುವಷ್ಟರಲ್ಲಿ ನಮ್ಮ ಅಡುಗೆಮನೆಯವರೆಗೂ ಬಂದುಬಿಟ್ಟಿದ್ದೆ. ಅಪ್ಪ ಮುದ್ದೆ ಕಟ್ಟುವಾಗ ದೊಡ್ಡದು ನಿನ್ನ ತಟ್ಟೆಗೆ. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಶಾಲೆ ಮುಗಿದು ನೀನು ಹಿರೇಹಳ್ಳಿಯ ಫ್ಯಾಕ್ಟರಿಗೆ ಸೇರಿದ ಮೇಲೂ ಶಿಫ್ಟು ಮುಗಿಸಿ ಬಸ್ಸು ಹತ್ತಿ ಅಪ್ಪನ ಗ್ರೌಂಡಿಗೇ ಬರುತ್ತಿದ್ದೆ. ಕ್ರೀಡಾ ಕೋಟಾದಲ್ಲಿ ಒಂದು ಸರ್ಕಾರಿ ಕೆಲಸ, ಶಿಫ್ಟಿನಿಂದ ಬಿಡುಗಡೆ — ನಿನಗೆ ಬೇಕಿದ್ದದ್ದು ಅಷ್ಟೇ. ಅಪ್ಪನಿಗೂ ಅದೇ ಆಸೆ.

ಅಪ್ಪನದೊಂದು ಪದ್ಧತಿ ಇತ್ತು. ಆಟಕ್ಕೆ ಇಳಿಯುವ ಮೊದಲು ಪ್ರತಿಯೊಬ್ಬರೂ ಅವರೆದುರು ನಿಲ್ಲಬೇಕು. ಮೊಣಕೈ ಪಕ್ಕೆಗೆ ಒತ್ತಿಕೊಂಡು, ಕೈ ಮುಂದೆ ಚಾಚಿ, ಅಪ್ಪ ಅಡ್ಡ ಹಿಡಿದ ಅಂಗೈಗಳನ್ನು ಹಿಂಗೈಯಿಂದ ಹೊರಕ್ಕೆ ತಳ್ಳಬೇಕು. "ತಳ್ಳೋ, ಮುದ್ದೆ ತಿಂದಿಲ್ವೇನ್ಲಾ?" ಎನ್ನುವರು. ಎರಡು ಕೈಗಳ ಬಲದಲ್ಲಿ ವ್ಯತ್ಯಾಸ ಕಂಡರೆ ಅವತ್ತು ಬೆಂಚು, ಎಂಥ ಆಟಗಾರನಾದರೂ ಸರಿ. ಯಾಕೆ ಹಾಗೆ ಎಂದರೆ ಅವರಿಗೂ ಗೊತ್ತಿರಲಿಲ್ಲ, ಅವರಿಗೆ ಕಲಿಸಿದ ಮೇಷ್ಟ್ರು ಹಾಗೆ ಮಾಡುತ್ತಿದ್ದರು. ಫಿಸಿಯೋಥೆರಪಿ ಓದುವಾಗ ಪುಸ್ತಕದಲ್ಲಿ ಅದೇ ಪರೀಕ್ಷೆ ಕಂಡು, ಮನೆಗೆ ಓಡಿಬಂದು, ನಿಮ್ಮ ಪದ್ಧತಿ ಪುಸ್ತಕದಲ್ಲೂ ಇದೆಯಪ್ಪಾ ಎಂದೆ. ಅಪ್ಪ ಹಿಗ್ಗಿಹೋದರು. "ಇನ್ಮೇಲೆ ನೀನೇ ನೋಡಮ್ಮ. ಓದಿರೋ ಕೈ ಮನೇಲಿರೋವಾಗ ನಂದ್ಯಾಕೆ?" ಎಂದು ಆ ಕೆಲಸವನ್ನು ನನಗೆ ಬಿಟ್ಟುಕೊಟ್ಟರು. ಮತ್ತೆಂದೂ ಯಾರ ಕೈಯನ್ನೂ ತಳ್ಳಿಸಿ ನೋಡಲಿಲ್ಲ.

ಮಗಳ ಓದಿನ ಮೇಲೆ ಅಷ್ಟು ಹೆಮ್ಮೆ. ಅದರಿಂದಲೇ —

ನನ್ನ ಎರಡನೇ ಡಿಗ್ರಿಗೆ ಒಂದು ಪ್ರಾಜೆಕ್ಟು ಮಾಡಬೇಕಿತ್ತು. ನಮ್ಮ ಮಾಂಸಖಂಡಗಳ ಮೇಲೆ ಹೊದಿಕೆಯಂತೆ ಒಂದು ತೆಳು ಪೊರೆ ಇರುತ್ತದೆ. ವರ್ಷಗಟ್ಟಲೆ ಸ್ಮ್ಯಾಷ್ ಹೊಡೆದವರ ಎದೆಯಲ್ಲಿ, ಕಂಕುಳಲ್ಲಿ, ಭುಜದ ಹಿಂದೆ ಅದು ಬಿಗಿದುಕೊಂಡು ಕೈ ಪೂರ್ತಿ ಮೇಲೆ ಹೋಗದ ಹಾಗೆ ಮಾಡುತ್ತದೆ. ಅಲ್ಲಿ ಹೆಬ್ಬೆರಳನ್ನೋ ಮೊಣಕೈಯನ್ನೋ ನಿಧಾನ ಒತ್ತಿ ಹಿಡಿದು, ಅದು ತಾನಾಗಿ ಸಡಿಲವಾಗುವವರೆಗೆ ಕಾಯುತ್ತೇವೆ. ಮಯೋಫೇಷಿಯಲ್ ರಿಲೀಸ್ ಎನ್ನುತ್ತಾರೆ ಇದಕ್ಕೆ. ಒತ್ತುವುದಕ್ಕಿಂತ ಕಾಯುವ ಕೆಲಸವೇ ಹೆಚ್ಚು. ಇದನ್ನು ಅಪ್ಪನ ಆಟಗಾರರಿಗೆ ಮಾಡಿ, ಕೈ ಎಷ್ಟು ಸಲೀಸಾಯಿತು, ಆಟ ಎಷ್ಟು ಸುಧಾರಿಸಿತು ಎಂದು ಅಳೆಯುವುದು ನನ್ನ ವಿಷಯ. ಬೆರಳಿಗೆ ಸೀಮೆಸುಣ್ಣ ಹಚ್ಚಿಕೊಂಡು ನೀವೆಲ್ಲ ಎಗರಿ ಶಾಲೆಯ ಗೋಡೆಯ ಮೇಲೆ ಗುರುತು ಹಾಕುತ್ತಿದ್ದಿರಿ. ವಾರ ವಾರಕ್ಕೂ ನಿನ್ನ ಗುರುತೇ ಎಲ್ಲರಿಗಿಂತ ಮೇಲೆ. "ಮೇಷ್ಟ್ರ ಮಗಳ ಕೈಗುಣ" ಎಂದು ಹುಡುಗರು ಆಡಿಕೊಳ್ಳುವುದು ನನ್ನ ಕಿವಿಗೂ ಬೀಳುತ್ತಿತ್ತು, ಇಷ್ಟವೂ ಆಗುತ್ತಿತ್ತು.

ಮೂರನೆಯ ವಾರ ನಿನ್ನ ಬಲಭುಜದ ಹಿಂದೆ, ರೆಕ್ಕೆಯೆಲುಬಿನ ಏಣಿನ ಕೆಳಗೆ ಹೆಬ್ಬೆರಳಿಟ್ಟೆ. ಅಲ್ಲಿ ಮಾಂಸ ಇರಬೇಕಿತ್ತು. ಹೆಬ್ಬೆರಳು ಸುಮ್ಮನೆ ಒಳಗೆ ಹೋಗಿ ಎಲುಬಿಗೆ ತಾಗಿತು. ಎಡಗಡೆ ಮುಟ್ಟಿದೆ, ಅಲ್ಲಿ ತುಂಬಿಕೊಂಡಿತ್ತು. ಎದುರಿಗೆ ಬಂದು ಅಪ್ಪನ ಹಾಗೆ ಅಂಗೈ ಒಡ್ಡಿ "ತಳ್ಳು" ಎಂದೆ. ನಿನ್ನ ಎಡಗೈ ನನ್ನನ್ನು ಒಂದು ಹೆಜ್ಜೆ ಪಕ್ಕಕ್ಕೆ ನೂಕಿತು. ಬಲಗೈ — ನನ್ನ ಎರಡು ಬೆರಳಿಗೇ ನಿಂತುಹೋಯಿತು.

"ನೋವಿದ್ಯೇನೋ?"

"ಇಲ್ಲಕ್ಕ. ಚೂರೂ ಇಲ್ಲ. ಯಾಕೆ, ಏನಾರ ಆಗಿದ್ಯಾ?"

ನೋವಿರುವುದಿಲ್ಲ, ಅದೇ ಈ ತೊಂದರೆಯ ಮೋಸ. ಸ್ಮ್ಯಾಷ್ ಹೊಡೆದು ಹೊಡೆದು ಭುಜದ ಹಿಂದೆ ಒಂದು ನರ ಒತ್ತಿಹೋಗುತ್ತದೆ, ಅದರ ಕೆಳಗಿನ ಮಾಂಸ ಸದ್ದಿಲ್ಲದೆ ಕರಗುತ್ತದೆ. ಬೀಸಿದ ಕೈಯನ್ನು ತಡೆದು ಹಿಡಿಯುವ ಬ್ರೇಕು ಅದು. ಅಲ್ಲಿಗೇ ಆಟ ನಿಲ್ಲಿಸಿ, ಸ್ಕ್ಯಾನ್ ಮಾಡಿಸಿ, ಡಾಕ್ಟರ ಹತ್ತಿರ ಕಳಿಸಬೇಕಿತ್ತು. ನನಗೆ ಇದು ಗೊತ್ತಿರಲಿಲ್ಲ ಎನ್ನುವ ಹಾಗೂ ಇಲ್ಲ. ಹಿಂದಿನ ವರ್ಷವಷ್ಟೇ ಇದರ ಮೇಲೆ ನಾನೇ ಕ್ಲಾಸಿನಲ್ಲಿ ಸೆಮಿನಾರು ಕೊಟ್ಟಿದ್ದೆ.

ಆದರೆ ನರದ ತೊಂದರೆ ಇರುವವರನ್ನು ಪ್ರಾಜೆಕ್ಟಿನಿಂದ ಕೈಬಿಡಬೇಕೆಂಬ ನಿಯಮವಿತ್ತು. ನಿನ್ನನ್ನು ಕೈಬಿಟ್ಟರೆ ಆ ಗೋಡೆಯ ಮೇಲಿನ ಅತಿ ಎತ್ತರದ ಗುರುತು ನನ್ನ ಕೈಬಿಡುತ್ತಿತ್ತು. ಕ್ರೀಡಾ ಕೋಟಾದ ಸೆಲೆಕ್ಷನ್ ಹತ್ತಿರವಿದೆ, ಈಗ ಹೇಳಿದರೆ ನಿನಗೆ ಸಿಗಬೇಕಾದ ಕೆಲಸ ಹೋಗುತ್ತದೆ, ನಿನ್ನ ಒಳ್ಳೆಯದಕ್ಕೇ ಸುಮ್ಮನಿದ್ದೆ ಎಂದು ನನಗೆ ನಾನೇ ಎಷ್ಟೋ ಕಾಲ ಹೇಳಿಕೊಂಡೆ. ಸುಳ್ಳು ನಾಗ. ಆ ಗಳಿಗೆಯಲ್ಲಿ ನಿನ್ನ ಕೆಲಸ ನನ್ನ ತಲೆಗೇ ಬಂದಿರಲಿಲ್ಲ. ಪ್ರಾಜೆಕ್ಟಿಗೆ ನಿನ್ನ ವಿವರ ಬರೆಯುತ್ತಿದ್ದ ಕಾಗದದಲ್ಲಿ "ಇತರೆ" ಎಂಬ ಜಾಗವನ್ನು ಖಾಲಿ ಬಿಟ್ಟು, ಮತ್ತೆ ನಿನ್ನ ಬೆನ್ನ ಹಿಂದೆ ಹೋಗಿ ನಿಂತು, ಆ ಮಾತು ಹೇಳಿದೆ.

ಎರಡು ತಿಂಗಳು ದಿನವೂ ಆ ಗುಳಿಯ ಪಕ್ಕದಲ್ಲೇ ಒತ್ತಿದೆ. ಒಳಗೆ ಹೆಬ್ಬೆರಳಿಡಲಿಲ್ಲ, ತಳ್ಳು ಎಂದೂ ಮತ್ತೆ ಹೇಳಲಿಲ್ಲ. ಕೈ ಸಲೀಸಾಗುತ್ತಲೇ ಹೋಯಿತು. ನೀನು ಇನ್ನೂ ಜೋರಾಗಿ ಬೀಸಿದೆ. ಬ್ರೇಕಿಲ್ಲದ ಗಾಡಿಗೆ ಎಣ್ಣೆ ಬಿಟ್ಟವಳು ನಾನು.

ಸೆಲೆಕ್ಷನ್ ದಿನ ಬೆಳಿಗ್ಗೆ ಅಪ್ಪ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದರು, "ನಾಗನ ಕೈ ನೋಡಿದ್ಯೇನಮ್ಮ? ಆಡ್ಬೋದಾ?"

"ಆಡ್ಲಿ ಅಪ್ಪಾ. ಚೆನ್ನಾಗಿದೆ."

ಮೂರನೆಯದೋ ನಾಲ್ಕನೆಯದೋ ಸ್ಮ್ಯಾಷು. ಚೆಂಡು ಆಚೆ ಕಡೆ ನೆಲಕ್ಕೆ ಬಡಿಯಿತು, ನೀನು ಈಚೆ ಭುಜ ಹಿಡಿದುಕೊಂಡು ಕೂತೆ. ಆಸ್ಪತ್ರೆಯಲ್ಲಿ ನಿನ್ನ ಜೆರ್ಸಿ ಬಿಚ್ಚಿಸಿದ್ದು ಅಪ್ಪನೇ. ಭುಜದೊಳಗೆ ಹರಿದಿದೆ, ಆಪರೇಷನ್ ಆದರೂ ಕೈ ಮೊದಲಿನಷ್ಟು ಮೇಲೆ ಹೋಗುವುದು ಅನುಮಾನ ಎಂದರು ಡಾಕ್ಟರು. ಇನ್ನೂ ಒಂದು ಮಾತು ಹೇಳಿದರು: ಇದು ಇವತ್ತಿನದಲ್ಲ, ತಿಂಗಳುಗಟ್ಟಲೆಯದು, ಆಡಿಸುವವರು ಗಮನಿಸಬೇಕಿತ್ತು. ನೀನು ಅಪ್ಪನ ಕಡೆ ತಿರುಗಿದೆ. ನಿನ್ನ ಮುಖ ನನಗೆ ಈಗಲೂ —

"ಗೊತ್ತಿತ್ತಾ ಮೇಷ್ಟ್ರೇ? ಗೊತ್ತಿದ್ದೂ ಆಡ್ಸುದ್ರಾ? ನಿಮ್ ಹೆಸ್ರಿಗೆ ನನ್ ಕೈ ಬಲಿ ಕೊಟ್ಬುಟ್ರಲ್ಲ."

ಅಪ್ಪ ನನ್ನ ಕಡೆ ಒಮ್ಮೆ ನೋಡಿದರು. ನಾನು ನೆಲ ನೋಡಿದೆ. "ಹೂಂ ಕಣೋ. ನನ್ ತಪ್ಪು" ಎಂದರು ಅಪ್ಪ.

ನೀನು ಕುಣಿಗಲ್ಲಿನ ಮುಖ ನೋಡುವುದಿಲ್ಲವೆಂದು ಗುಬ್ಬಿಯ ಅಕ್ಕನ ಮನೆ ಸೇರಿ ಜೆರಾಕ್ಸ್ ಅಂಗಡಿ ಇಟ್ಟೆ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ಊರಿನವರು ಅಪ್ಪನನ್ನು ಆಡಿಕೊಂಡರು. ಜನ ತಮ್ಮ ಮಕ್ಕಳನ್ನು ಗ್ರೌಂಡಿಗೆ ಕಳಿಸುವುದು ಬಿಟ್ಟರು. ಅಪ್ಪ ನೆಟ್ಟನ್ನು ಮಡಿಸಿ ಅಟ್ಟಕ್ಕೆ ಹಾಕಿದರು. ನನ್ನ ಪ್ರಾಜೆಕ್ಟಿಗೆ ಒಳ್ಳೆಯ ಮಾರ್ಕ್ಸು ಬಂತು. ನಿನ್ನ ಗೋಡೆಯ ಗುರುತಿನ ಅಳತೆಗಳು ಇವತ್ತಿಗೂ ಅದರಲ್ಲಿವೆ.

ನೀನು ಬಂದು ಹೋದ ಮೇಲೆ ತಡೆಯಲಾಗಲಿಲ್ಲ. ಹೋದ ಭಾನುವಾರ ಕುಣಿಗಲ್ಲಿಗೆ ಹೋದೆ. ಅಪ್ಪ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದರು. ಎದುರಿಗೆ ಕೂತು ಎಲ್ಲ ಹೇಳಿದೆ, ಗುಳಿ, ಖಾಲಿ ಬಿಟ್ಟ ಜಾಗ, ಎಲ್ಲ. ಅಪ್ಪನ ಕೈ ನಿಲ್ಲಲಿಲ್ಲ.

"ಅವತ್ತು ಜೆರ್ಸಿ ಬಿಚ್ಚಿಸ್ದಾಗ್ಲೇ ನೋಡ್ದೆ. ಅಂಥ ಗುಳಿ ಒಂದಿನಕ್ಕೆ ಬೀಳಲ್ಲ ಕಣಮ್ಮ. ದಿನಾ ಮುಟ್ತಿದ್ದೋಳು ನೀನು."

"ಮತ್ತೆ ಯಾಕಪ್ಪಾ ಸುಮ್ನಿದ್ರಿ?"

"ನೀನೇ ಹೇಳ್ತೀಯ ಅಂದ್ಕೊಂಡೆ. ಇವತ್ ಹೇಳ್ತಾಳೆ, ನಾಳೆ ಹೇಳ್ತಾಳೆ..." ಒಂದು ಕಾಯಿ ಸುಲಿದು ಪಾತ್ರೆಗೆ ಹಾಕಿದರು. "ಅವ್ನಿಗೆ ಹೇಳಿದ್ಯಾ?"

"ಇಲ್ಲ."

"ಮತ್ತೆ ನಂಗ್ಯಾಕ್ ಹೇಳ್ತಿದೀಯ?"

ಇಷ್ಟು ಹೇಳಿ ಪಾತ್ರೆ ಎತ್ತಿಕೊಂಡು ಒಳಗೆ ಹೋದರು. ಬಯ್ಯಲಿಲ್ಲ, ಊಟಕ್ಕೆ ಏಳು ಎಂದೂ ಹೇಳಲಿಲ್ಲ. ಅಪ್ಪ ಊಟಕ್ಕೆ ಕರೆಯದ ಮೊದಲ ಭಾನುವಾರ ಅದು. ಎಂಟು ವರ್ಷ ನಿನ್ನ ಬೈಗುಳ, ಊರಿನ ಮಾತು ಎಲ್ಲ ಹೊತ್ತುಕೊಂಡು, ನನ್ನ ಎದುರಿಗೇ ಕೂತು ಉಂಡವರು — ಒಂದೊಂದು ತುತ್ತಿಗೂ ನಾನು ಬಾಯಿ ಬಿಡುತ್ತೇನೆಂದು ಕಾಯುತ್ತಿದ್ದರು. ನಾನು ನಿನಗೆ ಮಾಡಿದ್ದೊಂದು, ಅವರಿಗೆ ದಿನವೂ ಮಾಡಿದ್ದು ಇನ್ನೊಂದು. ಯಾವುದು ದೊಡ್ಡದೋ ತೂಗುವ ಯೋಗ್ಯತೆ ನನಗಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರೆ. ನಾನು ಕಳೆದದ್ದು ಬೇರೆಯವರ ಮಾನ.

ಇದನ್ನು ಅಂಚೆಗೆ ಹಾಕುವುದಿಲ್ಲ. ಗುಬ್ಬಿಗೆ ನಾನೇ ಬರುತ್ತೇನೆ, ನಿನ್ನ ಅಂಗಡಿಗೆ. ನೀನು ಓದಿ ಮುಗಿಸುವವರೆಗೂ ಎದುರಿಗೆ ನಿಂತಿರುತ್ತೇನೆ. ಆಮೇಲೆ ನನ್ನನ್ನು ಏನು ಬೇಕಾದರೂ ಅನ್ನು, ಚೈತ್ರಾಳನ್ನು ಬೇರೆಯವರ ಹತ್ತಿರ ಕರೆದುಕೊಂಡು ಹೋಗು, ಮತ್ತೆ ನನ್ನ ಮುಖ ನೋಡಬೇಡ. ಕ್ಷಮಿಸು ಎಂದು ಕೇಳುವುದಿಲ್ಲ. ಒಂದೇ ಒಂದು ಕೇಳುತ್ತೇನೆ. ನಮ್ಮ ಮನೆಯಲ್ಲಿ ನಿನಗೆ ದ್ರೋಹ ಮಾಡದೆ ಇದ್ದವರು ಒಬ್ಬರೇ ನಾಗ, ಅದು ಅಪ್ಪ. ಒಮ್ಮೆ ಹೋಗಿ ಅವರನ್ನು ನೋಡಿಕೊಂಡು ಬಾ.