ಅರ್ಜಿಯ ಏಳನೆಯ ಪ್ರಶ್ನೆ

ಒಂದೇ ವಾರದಲ್ಲಿ ಒಂದೇ ಪ್ರಶ್ನೆಗೆ ನಾನು ಎರಡು ಉತ್ತರ ಕೊಟ್ಟೆ. ಎರಡೂ ಸುಳ್ಳು. ಒಂದನ್ನು ಬರೆದು ಕೆಳಗೆ ಸಹಿ ಹಾಕಿದೆ. ಇನ್ನೊಂದನ್ನು ಒಬ್ಬ ಹೆಂಗಸಿನ ಮುಖ ನೋಡಿ ಹೇಳಿದೆ — ಮುಖ ನೋಡಿದೆನೋ ಇಲ್ಲವೋ, ಈಗ ಖಚಿತವಿಲ್ಲ. ಹೇಳಿದ ಮಾತು ಮಾತ್ರ ಖಚಿತ.

ಹತ್ತು ವರ್ಷವಾಯಿತು. ಆಗ ನಾನು ತಿಪಟೂರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಈಗಲೂ ಅಲ್ಲೇ ಇದ್ದೇನೆ. ಮೈಸೂರಿನಲ್ಲಿ ಎಂ.ಎಸ್ಸಿ. ಓದಿ ಬಂದವನು. ಯಾರು ಹೇಳಿದರೂ ಸರಿ, ನೋಡದೆ ನಂಬಬೇಡಿ ಎಂದು ತರಗತಿಯಲ್ಲಿ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಅಮ್ಮ ಮಂತ್ರಿಸಿಕೊಂಡು ತಂದ ನಿಂಬೆಹಣ್ಣನ್ನು ಪಾನಕ ಮಾಡಿ ಕುಡಿದವನು. ಆದ್ದರಿಂದ ಇಲ್ಲಿ ನೆನಪಿನಿಂದ ಹೇಳುವುದು ಯಾವುದು, ಆಗಿನ ನೋಟ್‌ಬುಕ್ಕಿನಲ್ಲಿ ಇರುವುದು ಯಾವುದು ಎಂದು ಬೇರೆ ಮಾಡಿಯೇ ಹೇಳಬೇಕು. ನನ್ನ ನೆನಪು ನನ್ನ ಪರವಾಗಿ ಕೆಲಸ ಮಾಡುತ್ತದೆ ಎಂಬ ಗುಮಾನಿ ನನಗಿದೆ.

ನಮ್ಮ ಕಡೆ ಕೊಬ್ಬರಿ ಆಗುವುದು ಅಟ್ಟದ ಮೇಲೆ. ಬಲಿತ ಕಾಯಿಗಳನ್ನು ಸಿಪ್ಪೆಯ ಸಮೇತ ಅಲ್ಲಿ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಮರೆತುಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಬೇಕು. ಆಗಿದೆಯೋ ಇಲ್ಲವೋ ಎಂದು ತಿಳಿಯುವುದು ಕಿವಿಯಿಂದ. ಒಂದೊಂದೇ ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಆಯಿತು, ನೀರಿನ ಸದ್ದಾದರೆ ಮತ್ತೆ ಗುಡ್ಡೆಗೆ. ಕುಕ್ಕರಗಾಲಲ್ಲಿ ಕುಳಿತು, ಧೂಳು ಕುಡಿಯುತ್ತ, ದಿನವಿಡೀ ಇದೇ ಕೆಲಸ.

ನನ್ನ ಉಪಾಯ ಸರಳವಾಗಿತ್ತು. ನೀರಿರುವ ಕಾಯಿ ಭಾರ, ಒಣಗಿದ್ದು ಹಗುರ. ಅಟ್ಟದಿಂದ ಕಾಯಿ ಉರುಳಿ ಬರಲು ಒಂದು ಇಳಿಜಾರು ಮರದ ದೋಣಿ. ಅದರ ತುದಿಯಲ್ಲಿ ತಕ್ಕಡಿಯಂತೆ ಏಳುವ, ಇಳಿಯುವ ಒಂದು ಹಲಗೆ. ಹಲಗೆಯ ಹಿಂದೆ ಒಂದು ಕೋಲು, ಕೋಲಿನಲ್ಲಿ ಕೊರೆದ ಕಚ್ಚುಗಳು, ಕಚ್ಚಿನಿಂದ ತೂಗುವ ಒಂದು ತೂಕ. ಒಂದೇ ಗಾತ್ರದ ಕಾಯಿಗಳನ್ನು ಉರುಳಿಸಿದರೆ ನೀರಿರುವುದು ಹಲಗೆಯನ್ನು ಒತ್ತಿ ಕೆಳಗಿನ ಕುಕ್ಕೆಗೆ ಬೀಳುತ್ತದೆ, ಒಣಗಿದ್ದು ಮೇಲೆ ಹಾಯ್ದು ಮುಂದಕ್ಕೆ ಹೋಗುತ್ತದೆ. ಕಾಯಿಯ ಗಾತ್ರ ಬದಲಾದರೆ ತೂಕವನ್ನು ಬೇರೆ ಕಚ್ಚಿಗೆ ಸರಿಸಿದರಾಯಿತು. ಕಿವಿ ಬೇಕಿಲ್ಲ.

ತುರ್ತು ಪರಿಸ್ಥಿತಿ ಮುಗಿದ ಮರುವರ್ಷ, ಹಳ್ಳಿಗೆ ಉಪಯೋಗವಾಗುವ ಹೊಸ ಸಾಧನಗಳಿಗೆ ಬೆಂಗಳೂರಿನ ಒಂದು ಸಂಸ್ಥೆ ಅರ್ಜಿ ಕರೆಯಿತು. ಅರ್ಜಿಯ ಏಳನೆಯ ಪ್ರಶ್ನೆ ಹೀಗಿತ್ತು: ಈ ಸಾಧನ ಅಥವಾ ಇದನ್ನು ಹೋಲುವ ಸಾಧನ ಈಗಾಗಲೇ ಎಲ್ಲಿಯಾದರೂ ಇದೆಯೇ? ಪರಿಶೀಲಿಸಿದ್ದೀರಾ?

ಉಳಿದವರು ಅಲ್ಲೊಂದು 'ಇಲ್ಲ' ಬರೆದು ಮುಂದೆ ಹೋಗುತ್ತಾರೆ, ನಾನು ಹಾಗಲ್ಲ — ಈ ಹೆಮ್ಮೆ ಚೆನ್ನಾಗಿ ನೆನಪಿದೆ. ರಜೆ ಹಾಕಿ ಬೆಂಗಳೂರಿಗೆ ಹೋದೆ. ಪೇಟೆಂಟ್ ಪುಸ್ತಕಗಳಿದ್ದ ಒಂದು ಗ್ರಂಥಾಲಯದಲ್ಲಿ ಎರಡು ದಿನ ಕುಳಿತು ದಪ್ಪ ಸೂಚಿಗಳನ್ನು ತಿರುವಿದೆ. ಇದು ನೋಟ್‌ಬುಕ್ಕಿನಲ್ಲಿದೆ, ಅನುಮಾನವಿಲ್ಲ. ಸಿಪ್ಪೆ ಸುಲಿಯುವ ಯಂತ್ರ, ನಾರು ಬಿಡಿಸುವ ಯಂತ್ರ, ಎಣ್ಣೆ ತೆಗೆಯುವ ಯಂತ್ರ, ಎಲ್ಲವೂ ಸಿಕ್ಕಿದವು. ನನ್ನ ಹಲಗೆ ಎಲ್ಲಿಯೂ ಇರಲಿಲ್ಲ.

ಹಿಂದಿರುಗಿ ಪ್ರಯೋಗಾಲಯದಲ್ಲಿ ನಕ್ಷೆ ಹರಡಿಕೊಂಡಿದ್ದಾಗ ಅಟೆಂಡರ್ ರಂಗಸ್ವಾಮಿ ಗಾಜಿನ ಜಾಡಿ ಒರೆಸುತ್ತ ಬಗ್ಗಿ ನೋಡಿದ.

"ಸಾರ್, ಇದು ನಮ್ಮ ದಬ್ಬೇಘಟ್ಟದ ಕಡೆ ಐತಲ್ಲ."

"ಯಾವುದಯ್ಯ?"

"ಇದೇ ಹಲಗೆ. ಕಿವುಡ ನಂಜೇಗೌಡ ಅಂತ ಇದ್ರು, ತೀರ್ಕಂಡ್ರು. ಅವ್ರ ಮನೆ ಅಟ್ಟದಾಗೆ. ಬೆಂಗ್ಳೂರ್ಗಂಟ ಹೋಗೋ ಬದ್ಲು ನನ್ನೊಂದ್ ಮಾತು ಕೇಳಿದ್ರೆ ಸೊಂಟನೋವಾದ್ರೂ ತಪ್ತಿತ್ತು, ಸಾರ್."

ನಾನು ನಕ್ಕೆನಂತೆ. ಹೀಗೆಂದು ಅವನೇ ಆಮೇಲೆ ಹೇಳಿದ್ದು.

ಆ ಭಾನುವಾರ ತುರುವೇಕೆರೆಯಲ್ಲಿ ಬಸ್ಸು ಬದಲಿಸಿ ದಬ್ಬೇಘಟ್ಟಕ್ಕೆ ಹೋದೆ. ನಂಜೇಗೌಡರ ತಮ್ಮ ತಿಮ್ಮೇಗೌಡರು ಜಗುಲಿಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದರು. ಬೆಂಗಳೂರಿನಲ್ಲಿ ಪುಸ್ತಕ ನೋಡಿ ಬಂದಿದ್ದೇನೆ, ಇಂಥದೊಂದು ಹಲಗೆ ನಿಮ್ಮಲ್ಲಿದೆಯಂತೆ, ನೋಡಬೇಕಿತ್ತು ಎಂದೆ. ನನ್ನದೂ ಒಂದಿದೆ ಎಂದು ಹೇಳಲಿಲ್ಲ. ನಂಜೇಗೌಡರ ಹೆಂಡತಿ ಲಕ್ಕಮ್ಮ ಬಂದು ಏಣಿ ತೋರಿಸಿದರು. ಅರವತ್ತರ ಹತ್ತಿರದ ಹೆಂಗಸು. ನನಗಿಂತ ಮೊದಲು ತಾವೇ ಅಟ್ಟ ಹತ್ತಿದರು.

ಇತ್ತು. ಅದೇ ಇಳಿಜಾರು, ಅದೇ ಹಲಗೆ, ಅದೇ ಕಚ್ಚು ಹಾಕಿದ ಕೋಲು. ನಾನು ಕಬ್ಬಿಣದ ತೂಕ ಬರೆದಿದ್ದ ಕಡೆ ಅಲ್ಲಿ ಎತ್ತಿನ ಕೊರಳ ಗಂಟೆ ತೂಗುತ್ತಿತ್ತು. ಲಕ್ಕಮ್ಮ ಎರಡು ಕಾಯಿ ಉರುಳಿಸಿದರು. ಒಂದು ಸುಮ್ಮನೆ ಹಾಯ್ದು ಹೋಯಿತು. ಇನ್ನೊಂದು ಹಲಗೆಯನ್ನು ಒತ್ತಿ ಕೆಳಗೆ ಬಿತ್ತು, ಗಂಟೆ ಆಡಿತು.

"ಇವ್ರಿಗೆ ಕಿವಿ ಕೇಳ್ತಿರ್ಲಿಲ್ಲ ಮೇಷ್ಟ್ರೇ. ಕಾಯಿ ಅಲ್ಲಾಡ್ಸಿದ್ರೆ ಏನ್ ಗೊತ್ತಾದಾತು? ಹಸಿ ಕಾಯೆಲ್ಲ ಒಡ್ದಾಕ್ಬುಡೋರು, ಮನೇಲಿ ಎಲ್ರೂ ಬಯ್ಯೋರು. ನಾನು ಬಂದ ಎರಡ್ನೇ ವರ್ಷ, ಕುಂತು ಕುಂತು ಇದನ್ ಮಾಡಿದ್ರು."

"ಗಂಟೆ ಯಾಕಮ್ಮ?"

"ತೂಕಕ್ಕೆ ಕಲ್ಲೇ ಕಟ್ಬೋದಿತ್ತು. ನೀನು ಕೆಳ್ಗಡೆ ಇರ್ತೀಯ, ಹಸಿ ಕಾಯಿ ಬಂದ್ರೆ ನಿಂಗ್ ಕೇಳ್ಲಿ ಅಂದ್ರು. ಅವ್ರಿಗೇನ್ ಕೇಳ್ತಿತ್ತಾ?"

ಕೆಳಗೆ ಇಳಿದ ಮೇಲೆ ತಿಮ್ಮೇಗೌಡರು ಜಗುಲಿಯಿಂದಲೇ ಹೇಳಿದರು: "ಎಲ್ಲೋ ನೋಡ್ಕಂಡ್ ಬಂದಿರ್ತಾನೆ ಬುಡಿ ಮೇಷ್ಟ್ರೇ. ತಿಪಟೂರ್ ಮಂಡೀಲೋ ಇನ್ನೆಲ್ಲೋ. ನಮ್ಮಣ್ಣನ ತಲೇಲಿ ಅಷ್ಟೆಲ್ಲ ಇದ್ದಿದ್ರೆ ತೋಟ ನಾನ್ಯಾಕ್ ನೋಡ್ಕಬೇಕಿತ್ತು?"

"ಇವ್ರು ತುರುವೇಕೆರೆ ದಾಟಿದೋರಲ್ಲ," ಎಂದರು ಲಕ್ಕಮ್ಮ. "ಆದ್ರೂ ಈವಪ್ಪನ ಬಾಯಲ್ಲಿ ಯಾವಾಗ್ಲೂ ಇದೇ ಮಾತು. ಇವ್ರು ಇರೋವಾಗ್ಲೂ ಅಂದ, ಹೋದ್ಮೇಲೂ ಅಂತಾನೆ." ಆಮೇಲೆ ನನ್ನ ಕಡೆ ತಿರುಗಿದರು. "ನೀವು ಓದ್ದೋರು. ಬೆಂಗ್ಳೂರ್ನಾಗೆ ಬುಕ್ಕೆಲ್ಲ ನೋಡ್ಬಂದಿದೀರ. ಇದು ಬೇರೆ ಎಲ್ಲಾದ್ರೂ ಐತಾ ಮೇಷ್ಟ್ರೇ? ಇಲ್ಲ ಅಂದ್ರೆ ಇವ್ನ ಮುಂದೆ ಒಂದ್ ಸಲ ಹೇಳ್ಬುಡಿ. ಅಷ್ಟೇ ಸಾಕು ನಂಗೆ."

ನಾನು ಹೇಳಿದೆ: "ಇಂಥದ್ದು ಎಲ್ಲಾ ಕಡೆ ಇದೆ ಕಣಮ್ಮ."

ತಿಮ್ಮೇಗೌಡರು ಎಲೆ ಉಗಿದು, "ನಾನ್ ಹೇಳ್ಲಿಲ್ವಾ ಅತ್ತಿಗೆ," ಎಂದರು. ಲಕ್ಕಮ್ಮ ಒಳಗೆ ಹೋಗಿ ಮಜ್ಜಿಗೆ ತಂದರು. ಕುಡಿದೆ.

ಮರುದಿನ ಏಳನೆಯ ಪ್ರಶ್ನೆಯ ಮುಂದೆ ಬರೆದೆ: ಪರಿಶೀಲಿಸಿದ್ದೇನೆ. ಎಲ್ಲಿಯೂ ಇಲ್ಲ.

ಯಾಕೆ ಹಾಗೆ ಹೇಳಿದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅಪರೂಪದ್ದು ಎಂದರೆ ಊರಿನವರು ನೋಡಲು ಬರುತ್ತಾರೆ, ಮಾತು ಹಬ್ಬಿ ಸಂಸ್ಥೆಯವರೆಗೂ ಮುಟ್ಟುತ್ತದೆ. ಎಲ್ಲಾ ಕಡೆ ಇರುವುದನ್ನು ಯಾರು ಬಂದು ನೋಡುತ್ತಾರೆ? ಇಷ್ಟನ್ನು ಆ ಜಗುಲಿಯ ಮುಂದೆ ನಿಂತು ಯೋಚಿಸಿದೆನೇ, ಅಥವಾ ಆಮೇಲೆ ಜೋಡಿಸಿಕೊಂಡ ಕಾರಣವೇ — ತಿಳಿಯದು. ಅಚ್ಚಾಗದೆ ಇರುವುದು ಇದ್ದ ಲೆಕ್ಕಕ್ಕೆ ಬಾರದು ಎಂದು ಆಗ ನಂಬಿದ್ದೆ ಎಂದೂ ಕೆಲವು ವರ್ಷ ಹೇಳಿಕೊಂಡೆ. ಹಾಗೆ ನಂಬಿದ್ದವನು ದಬ್ಬೇಘಟ್ಟದ ಬಸ್ಸು ಹತ್ತಬೇಕಿರಲಿಲ್ಲ.

ಉತ್ತರಗಳು ಎರಡೂ ನನ್ನ ಕೈಯಲ್ಲೇ ಇದ್ದವು. ಗ್ರಂಥಾಲಯದಲ್ಲಿ ಸಿಕ್ಕಿದ್ದು ಲಕ್ಕಮ್ಮನಿಗೆ ಬೇಕಿದ್ದ ಉತ್ತರ: ಎಲ್ಲಿಯೂ ಇಲ್ಲಮ್ಮ, ಎರಡು ದಿನ ಹುಡುಕಿದ್ದೇನೆ. ಅಟ್ಟದಲ್ಲಿ ಸಿಕ್ಕಿದ್ದು ಸಂಸ್ಥೆಗೆ ಬೇಕಿದ್ದ ಉತ್ತರ: ಇದೆ. ಅದಲುಬದಲು ಮಾಡಿ ಕೊಟ್ಟೆ, ಅಷ್ಟೇ. ಸರಿಯಾಗಿ ಕೊಟ್ಟಿದ್ದರೆ ಎರಡೂ ನಿಜವಾಗುತ್ತಿದ್ದವು.

ಪ್ರಶಸ್ತಿ ಬಂತು. ಪತ್ರಿಕೆಯಲ್ಲಿ ಭಾವಚಿತ್ರ ಬಂತು, ಕಾಲೇಜಿನಲ್ಲಿ ಹಾರ ಹಾಕಿದರು. ರಂಗಸ್ವಾಮಿ ಕುರ್ಚಿಗಳನ್ನು ಎತ್ತಿಡುತ್ತ ಕೇಳಿದ: "ದಬ್ಬೇಘಟ್ಟದ್ದು ನೋಡಿದ್ರಾ ಸಾರ್?"

"ಅದು ಬೇರೆ ಥರ."

"ಇರ್ಬೋದು ಸಾರ್. ನೀವು ಓದ್ದೋರು."

ಅವನು ಮತ್ತೆ ಎಂದೂ ಕೇಳಲಿಲ್ಲ. ಹುಡುಗರು ನನ್ನನ್ನು ಹಲಗೆ ಮೇಷ್ಟ್ರು ಎಂದು ಕರೆಯತೊಡಗಿದರು. ಹಲಗೆಯನ್ನು ಮಾತ್ರ ಯಾವ ರೈತನೂ ಮಾಡಿಸಿಕೊಳ್ಳಲಿಲ್ಲ. ಎಲ್ಲರಿಗೂ ಕಿವಿ ಇದ್ದವು.

ಒಂದು ಸಮಾಧಾನ ನನಗೆ ಬಹುಕಾಲ ಇತ್ತು: ಏನೇ ಆಗಲಿ, ಅದನ್ನು ನೋಡುವ ಮೊದಲೇ ನನಗೆ ಹೊಳೆದಿತ್ತು. ಕಳೆದ ತಿಂಗಳು ಹಳೆಯ ನೋಟ್‌ಬುಕ್ ತೆಗೆದೆ. ಬೆಂಗಳೂರಿಗೆ ಹೋಗುವ ಮೊದಲು ಬರೆದ ನಕ್ಷೆಯಲ್ಲಿ ಕೋಲಿಗೆ ಆರು ಕಚ್ಚುಗಳಿವೆ. ದಬ್ಬೇಘಟ್ಟದ ಪುಟದಲ್ಲಿ, ಬಸ್ಸಿನ ಹೊತ್ತಿನ ಕೆಳಗೆ, ಪೆನ್ಸಿಲ್ಲಿನಲ್ಲಿ ಇಷ್ಟೇ ಇದೆ: 'ಇದೆ. ಹಲಗೆ ಎರಡೂವರೆ ಅಡಿ. ಕಚ್ಚು ಒಂಬತ್ತು.' ಅಳತೆ ಮಾಡಿದ್ದು ನನಗೆ ನೆನಪೇ ಇಲ್ಲ. ಅರ್ಜಿಯ ಜೊತೆ ಕಳಿಸಿದ ನಕ್ಷೆಯ ಪ್ರತಿಯಲ್ಲಿ ಕಚ್ಚುಗಳು ಒಂಬತ್ತು.

ಇನ್ನೂ ಒಂದಿದೆ, ಇದಕ್ಕೆ ಪುರಾವೆಯಿಲ್ಲ. ನಾನು ಚಿಕ್ಕವನಿದ್ದಾಗ ತುರುವೇಕೆರೆ ಕಡೆಯ ಯಾವುದೋ ಮನೆಗೆ ನಿಶ್ಚಿತಾರ್ಥಕ್ಕೆ ಕರೆದುಕೊಂಡು ಹೋಗಿದ್ದಾಗ, "ಅಟ್ಟದ ಮೇಲೆ ಎತ್ತು ಕಟ್ಟವರೇನಮ್ಮ?" ಎಂದು ಕೇಳಿ ಎಲ್ಲರನ್ನೂ ನಗಿಸಿದೆನೆಂದು ಅಮ್ಮ ಹೇಳುತ್ತಿದ್ದಳು. ನನಗೆ ಆ ಮನೆ ನೆನಪಿಲ್ಲ. ಗಂಟೆಯ ಸದ್ದು ನೆನಪಿದೆಯೆಂದು ಈಗ ಅನ್ನಿಸುತ್ತದೆ — ಆದರೆ ಅದು ನಾನು ಕೇಳಿದ ಸದ್ದೋ, ಅಮ್ಮ ಹೇಳಿದ್ದನ್ನು ಕೇಳಿ ಕಟ್ಟಿಕೊಂಡದ್ದೋ… ಯಾವ ಊರು, ಯಾರ ಮನೆ ಎಂದು ಕೇಳೋಣವೆಂದರೆ ಅಮ್ಮ ಇಲ್ಲ. ಹಾಗಾದರೆ ನನಗೆ ಹೊಳೆಯಿತು ಎಂದುಕೊಂಡದ್ದು ಕೂಡ —

ಗೊತ್ತಿಲ್ಲ ಎಂದಷ್ಟೇ ಹೇಳಬಲ್ಲೆ.

ನೋಟ್‌ಬುಕ್ ನೋಡಿದ ಮೇಲೆ ಮತ್ತೆ ದಬ್ಬೇಘಟ್ಟಕ್ಕೆ ಹೋದೆ. ಲಕ್ಕಮ್ಮನಿಗೆ ಸೊಂಟ ಬಾಗಿದೆ, ಕಣ್ಣು ಚೆನ್ನಾಗಿದೆ, ಗುರುತು ಹಿಡಿದರು. ತಿಮ್ಮೇಗೌಡರೂ ಅದೇ ಜಗುಲಿಯ ಮೇಲೆ ಇದ್ದರು. ಹಲಗೆ ನೋಡಬಹುದೇ ಎಂದೆ. ಲಕ್ಕಮ್ಮ ಕೊಟ್ಟಿಗೆಯ ಕಡೆ ಕೈ ತೋರಿಸಿದರು. ದೋಣಿಯ ಮರ ದನ ಮೇಯುವ ಗೊಂತಿಗೆ ಅಡ್ಡಪಟ್ಟಿಯಾಗಿತ್ತು. ಕಚ್ಚಿನ ಕೋಲು ಕಾಣಲಿಲ್ಲ. ಗಂಟೆ ಒಂದು ಕರುವಿನ ಕೊರಳಲ್ಲಿತ್ತು.

"ಬಿಚ್ಚಾಕಿ ಶಾನೆ ವರ್ಷ ಆಯ್ತು," ಎಂದರು. "ನೀವೇ ಹೇಳಿದ್ರಲ್ಲ, ಎಲ್ಲಾ ಕಡೆ ಐತೆ ಅಂತ. ಎಲ್ಲಾ ಕಡೆ ಇರೋದನ್ನ ನಾನ್ಯಾಕೆ ಜೋಪಾನ ಮಾಡ್ಲಿ ಅಂತ ಬುಟ್ಟೆ."

ಬೇಸರದಿಂದ ಹೇಳಿದ ಹಾಗೆ ಕಾಣಲಿಲ್ಲ. ಹಳೆಯ ಪಾತ್ರೆ ಬದಲಾಯಿಸಿದ ವಿಷಯ ಹೇಳುವಂತೆ ಹೇಳಿದರು. ಆಗಲೇ ನಾನು ಬಾಯಿ ಬಿಡಬೇಕಿತ್ತು, ತಿಮ್ಮೇಗೌಡರೂ ಎದುರಿಗೇ ಇದ್ದರು. ಬಿಡಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ಎದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆಯಿತ್ತು, ಇದನ್ನೂ ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಈ ವಾರ ಆ ಸಂಸ್ಥೆಗೆ ಕಾಗದ ಬರೆದಿದ್ದೇನೆ. ಅದು ಈಗಲೂ ನಡೆಯುತ್ತಿದೆಯೋ ಇಲ್ಲವೋ, ಹತ್ತು ವರ್ಷದ ಹಿಂದಿನ ಅರ್ಜಿ ಅವರಲ್ಲಿ ಉಳಿದಿದೆಯೋ ಇಲ್ಲವೋ ತಿಳಿಯದು. ಪ್ರಶಸ್ತಿ ಪತ್ರವನ್ನು ಗೋಡೆಯಿಂದ ತೆಗೆದು ಕಾಗದದ ಜೊತೆ ಕಳಿಸಿದ್ದೇನೆ. ರಂಗಸ್ವಾಮಿಗೂ ಹೇಳಿದೆ. "ನಂಗೊತ್ತಿತ್ತು ಸಾರ್," ಎಂದು ಜಾಡಿ ಒರೆಸುವುದನ್ನು ಮುಂದುವರಿಸಿದ.

ಕಾಗದದ ಇನ್ನೊಂದು ಪ್ರತಿ ನನ್ನ ಜೇಬಿನಲ್ಲಿದೆ. ಲಕ್ಕಮ್ಮನಿಗೆ ಓದು ಬಾರದು. ಭಾನುವಾರ ಬೆಳಗಿನ ಬಸ್ಸಿಗೆ ಹೋಗಿ, ತಿಮ್ಮೇಗೌಡರು ಜಗುಲಿಯ ಮೇಲೆ ಇದ್ದಾಗಲೇ, ಅವರ ಮುಂದೆಯೇ ಅದನ್ನು ಗಟ್ಟಿಯಾಗಿ ಓದುತ್ತೇನೆ. ಲಕ್ಕಮ್ಮ ಏನು ಹೇಳುತ್ತಾರೋ ಊಹಿಸಲು ಹೋಗುವುದಿಲ್ಲ. ಹಲಗೆ ಹೋಯಿತು, ಅದನ್ನು ತಂದುಕೊಡಲಾರೆ.

ಕಾಗದದಲ್ಲಿ ಬೇರೆ ಏನೂ ಇಲ್ಲ. ಏಳನೆಯ ಪ್ರಶ್ನೆಗೆ ಉತ್ತರವಷ್ಟೇ: ಇತ್ತು. ದಬ್ಬೇಘಟ್ಟದಲ್ಲಿ, ನಂಜೇಗೌಡರ ಅಟ್ಟದ ಮೇಲೆ. ಮಾಡಿದವರು ಅವರೇ. ಬೇರೆ ಎಲ್ಲಿಯೂ ಇಲ್ಲ. ಪರಿಶೀಲಿಸಿದ್ದೇನೆ.